ಚಹಾ ಪಾತ್ರೆಯ ಕೆಳಗಿನ ಹಲ್ಲುಚಕ್ರ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಅಂಗೈಯಗಲದ ಒಂದು ಹಲ್ಲುಚಕ್ರ ಇದೆ. ಒಲೆಯಿಂದ ಇಳಿಸಿದ ಚಹಾದ ಪಾತ್ರೆಯನ್ನು ನಾನು ಅದರ ಮೇಲೆಯೇ ಇಡುತ್ತೇನೆ. ಮನೆಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಗಡಿಯಾರದ್ದೇ ಎಂದು ಕೇಳಿದವರಿದ್ದಾರೆ, ಹೊಲಿಗೆ ಮಿಷನ್ನಿನದೇ ಎಂದವರಿದ್ದಾರೆ. ಪಕ್ಕದ ಮನೆಯ ಅಜ್ಜಿ ಒಮ್ಮೆ ಅದನ್ನು ಯಾವುದೋ ದೇವರ ಚಕ್ರವೆಂದು ತಿಳಿದು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ತಿದ್ದಲಿಲ್ಲ. ತಿದ್ದಬೇಕಾದಲ್ಲಿ ಸುಮ್ಮನಿದ್ದುಬಿಡುವುದು ನನ್ನ ಹಳೆಯ ಚಾಳಿ. ಆ ಚಾಳಿಯ ಕಥೆಯನ್ನೇ ಈಗ ಹೇಳಲು ಕೂತಿದ್ದೇನೆ.

ಅದು ಮೋಟಾರ್ ಸೈಕಲ್ಲಿನ ಎಂಜಿನ್ನೊಳಗಿನ ಚಕ್ರ. ಎಂಜಿನ್ನಿನ ನೆತ್ತಿಯಲ್ಲಿ, ಹೆಡ್ ಎನ್ನುವ ಭಾಗದೊಳಗೆ, ಕ್ಯಾಮ್ ಎಂಬ ಗಿಡ್ಡ ದಂಡ ಇರುತ್ತದೆ. ಅದರ ಮೈಮೇಲೆ ಮೊಟ್ಟೆಯಂಥ ಉಬ್ಬುಗಳು. ಅವು ತಿರುಗುತ್ತ ವಾಲ್ವುಗಳನ್ನು ಒತ್ತುತ್ತವೆ, ಬಿಡುತ್ತವೆ. ಎಂಜಿನ್ನು ಉಸಿರಾಡುವುದು ಹಾಗೆ. ಕೆಳಗಿನ ಕ್ರ್ಯಾಂಕ್ ಎಂಬ ದೊಡ್ಡ ದಂಡದ ತಿರುವನ್ನು ಮೇಲಿನ ಕ್ಯಾಮಿಗೆ ಒಯ್ಯುವುದು ಒಂದು ಸಪೂರ ಚೈನು. ಆ ಚೈನು ಕೂರುವುದು ಈ ಹಲ್ಲುಚಕ್ರದ ಮೇಲೆ. ಚಕ್ರವನ್ನು ಕ್ಯಾಮಿಗೆ ಬಿಗಿಯಲು ನಡುವೆ ಎರಡು ತೂತುಗಳಿವೆ. ಅಂಗಡಿಯಿಂದ ಬಂದಾಗ ಅವು ದುಂಡಗಿದ್ದವು. ಈಗ ಹುಣಸೆಬೀಜದ ಹಾಗೆ ಉದ್ದುದ್ದ ಆಗಿವೆ. ಅವನ್ನು ಹಾಗೆ ಉಜ್ಜಿದವನು ನನ್ನ ಅಣ್ಣ ಅಮರೇಶ. ಉಜ್ಜುವಾಗ ಎದುರು ಕೂತಿದ್ದವಳು ನಾನು.

ಆ ಕೆಲಸದಿಂದ ನನಗೆ ಅಂಟಿದ ಒಂದು ರೋಗ ಇನ್ನೂ ಬಿಟ್ಟಿಲ್ಲ. ಗೆರೆ ನೋಡುವ ರೋಗ. ಯಾರದೇ ಮನೆಗೆ ಹೋಗಲಿ, ಕ್ಯಾಲೆಂಡರು ಓರೆಯಾಗಿದ್ದರೆ ನನಗೆ ಕೊಟ್ಟ ಉಪ್ಪಿಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಕುಪ್ಪಸದ ಹೊಲಿಗೆ ಸೊಟ್ಟಗೆ ಕಂಡು ರಾಯಚೂರಿನಿಂದ ಮಾನ್ವಿಯವರೆಗೆ ತಳಮಳಿಸಿದ್ದೇನೆ. ನನ್ನ ಮಗಳು ಭಾಗ್ಯ, ಶಾಲೆಯ ಟೀಚರು, ಬೆಳಿಗ್ಗೆ ಹೊರಡುವ ಮುಂಚೆ ನನ್ನ ಎದುರು ಬಂದು ನಿಲ್ಲುವುದೇ ಇಲ್ಲ. ನಿಂತರೆ ಹಣೆಯ ಬೊಟ್ಟು ಕೂದಲೆಳೆಯಷ್ಟು ಎಡಕ್ಕಿದೆ ಎನ್ನುತ್ತೇನಂತೆ.

“ಯವ್ವಾ, ನೀ ಮನಿಷ್ಯಾಳೋ ಗೌಂಡಿಯವರ ರಸಮಟ್ಟನೋ?” ಎನ್ನುತ್ತಾಳೆ.

ಅವಳಿಗೆ ನಗು. ನಾನು ಈ ಕಣ್ಣನ್ನು ಎಷ್ಟು ಸಲ ಬೈದುಕೊಂಡಿದ್ದೇನೆಂದು ಅವಳಿಗೆ ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ.

ಮಾನ್ವಿಯಲ್ಲಿ ಸಿಂಧನೂರಿಗೆ ಹೋಗುವ ರಸ್ತೆಯ ಮಗ್ಗುಲಿಗೆ, ಒಂದು ಬೇವಿನ ಮರದ ಕೆಳಗೆ, ನಮ್ಮ ತಗಡಿನ ಶೆಡ್ಡು. ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದ. ಅವ್ವ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುತ್ತಿದ್ದಳು. ಅಣ್ಣ ರಾಯಚೂರಿನ ಗ್ಯಾರೇಜುಗಳಲ್ಲಿ ಪಾನಾ ಎನ್ನುವ ಸ್ಪ್ಯಾನರುಗಳನ್ನು ತೊಳೆದು, ಪಾನಾ ಹಿಡಿದು, ಬೈಸಿಕೊಂಡು ಕೆಲಸ ಕಲಿತು ಬಂದು ಈ ಶೆಡ್ಡು ಹಾಕಿದ. ನಾನು ಐದನೇ ತರಗತಿ ಮುಗಿಸಿ ಅವ್ವನ ಹಿಂದೆ ಹೊಲಕ್ಕೆ ಹೊರಟವಳು. ಅಣ್ಣನ ಶೆಡ್ಡಿಗೂ ನನಗೂ ಸಂಬಂಧ ಮಧ್ಯಾಹ್ನ ರೊಟ್ಟಿ ಗಂಟು ಒಯ್ದು ಕೊಡುವಷ್ಟೇ ಇತ್ತು.

ಒಂದು ದಿನ ಬೇರಿಂಗ್ ಬಡಿಯುವಾಗ ಉಕ್ಕಿನ ಚೂರು ಸಿಡಿದು ಅಣ್ಣನ ಬಲಗಣ್ಣು ಮಂಜಾಯಿತು. ಒಂದು ಕಣ್ಣಲ್ಲಿ ಲೋಕ ಕಾಣುತ್ತದೆ, ಆದರೆ ದೂರ ಹತ್ತಿರದ ಅಂದಾಜು ಹೋಗುತ್ತದಂತೆ. ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿದರೆ ಅರ್ಧ ನೆಲಕ್ಕೆ. ಬೆರಳುಗಳಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಬೋಲ್ಟು ಎಷ್ಟು ತಿರುಗಿದರೆ ಸಾಕೆಂದು ಅವು ತಾವೇ ನಿಲ್ಲುತ್ತಿದ್ದವು. ಗೆರೆ ನೋಡಲು ಮಾತ್ರ ಕಣ್ಣು ಬೇಕಿತ್ತು. ಹಾಗೆ ನಾನು ಶೆಡ್ಡಿಗೆ ಬಂದೆ, ಮದುವೆ ವಯಸ್ಸಿಗೆ ಬಂದ ಹುಡುಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಮೊದಲ ವಾರವೇ ಸೆರಗು ಗಾಡಿಯ ಚೈನಿಗೆ ಸಿಕ್ಕಿ ಒಂದು ಮೊಳ ಸೀರೆಯನ್ನು ಅದಕ್ಕೇ ಬಿಟ್ಟುಕೊಟ್ಟೆ. ಅಣ್ಣ ಆ ತುಂಡಿನಲ್ಲಿ ಪಾನಾ ಒರೆಸಿಕೊಂಡ.

ನಮ್ಮ ಕೆಲಸದ ಪದ್ಧತಿ ಹೀಗಿತ್ತು: ಅಣ್ಣ ಕೆಳಗೆ, ನಾನು ಮೇಲೆ. ಅವನು ಮಗ್ಗುಲಲ್ಲಿ ಕೂತು ಕ್ರ್ಯಾಂಕನ್ನು ಪಾನಾದಿಂದ ತಿರುಗಿಸಿ ಕೆಳಗಿನ ಗುರುತಿಗೆ ತಂದು ಅಲುಗದಂತೆ ಹಿಡಿಯುತ್ತಿದ್ದ. ನಾನು ಎಂಜಿನ್ನಿನ ಮೇಲೆ ಬಾಗಿ, ಚೈನು ಒಳಗೆ ಬೀಳದ ಹಾಗೆ ಬೆರಳಲ್ಲಿ ಎತ್ತಿ ಹಿಡಿದು, ಕ್ಯಾಮಿನ ಮೂತಿಯನ್ನು ನೋಡುತ್ತಿದ್ದೆ. ಅಲ್ಲಿ ಎರಡು ಬೋಲ್ಟುಗಳ ನೇರಕ್ಕೆ ಅಣ್ಣ ಉಕ್ಕಿನ ಮೊಳೆಯಿಂದ ಒಂದು ಗೆರೆ ಗೀರಿರುತ್ತಿದ್ದ. ಆ ಗೆರೆ ಹೆಡ್ಡಿನ ಅಂಚಿಗೆ ಸಮ ಬರಬೇಕು.

“ಹುಲ್ಗೀ, ಗೆರಿ ಕೂಡ್ತೇನು?” ಎಂದು ಕೆಳಗಿನಿಂದ ಕೇಳುತ್ತಿದ್ದ.

“ಕೂಡ್ತಣ್ಣ.”

ಹುಲಿಗೆಮ್ಮ ಎಂಬ ನನ್ನ ಹೆಸರನ್ನು ಅಷ್ಟು ಚಿಕ್ಕದಾಗಿ, ಅಷ್ಟು ನಂಬಿಕೆಯಿಂದ ಕರೆದವರು ಬೇರೆ ಯಾರೂ ಇಲ್ಲ.

ಹೊಸ ಎಂಜಿನ್ನಾದರೆ ಈ ಕೆಲಸ ಸುಲಭ. ಹಲ್ಲಿಗೆ ಹಲ್ಲು ಕೂರಿಸಿದರೆ ಗೆರೆ ತಾನೇ ಕೂಡುತ್ತದೆ. ತೊಂದರೆ ಇದ್ದದ್ದು ಕಾದು ಸೊಟ್ಟಗಾದ ಹೆಡ್ಡುಗಳದ್ದು. ಅವನ್ನು ರಾಯಚೂರಿನ ಗಂಜ್ ಮಾರುಕಟ್ಟೆಯ ಹತ್ತಿರ ಲೇತಿನವರಿಗೆ ಕೊಟ್ಟು ಫೇಸಿಂಗ್ ಮಾಡಿಸಬೇಕು, ಅಂದರೆ ಅಡಿಯನ್ನು ತೆಳ್ಳಗೆ ಕೊರೆಸಿ ಸಪಾಟು ಮಾಡಿಸಬೇಕು. ಒಯ್ಯುವವಳು ನಾನೇ. ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆ. ಪಕ್ಕದಲ್ಲಿ ಕೂತ ಮುದುಕಿಯರು “ಮಲಗ್ಯದೇನವ್ವ ಕೂಸು?” ಎಂದು ಗೋಣಿಯ ಅಂಚು ಸರಿಸಿ ನೋಡಿ ಬೆಚ್ಚಿಬೀಳುತ್ತಿದ್ದರು.

ಹಾಗೆ ಕೊರೆಸಿ ತಂದ ಮೊದಲ ಹೆಡ್ಡನ್ನು ಕೂರಿಸಿದ ದಿನ ಗೆರೆ ಕೂಡಲೇ ಇಲ್ಲ, ಅಂಚಿಗಿಂತ ಕೆಳಗೇ ನಿಂತಿತು. ಲೇತಿನವರು ಕೆಡಿಸಿದ್ದಾರೆಂದು ನಾನು ಬಯ್ಯತೊಡಗಿದೆ. ಅಣ್ಣ ನಕ್ಕ.

“ಬಾವಿ ಗಾಲಿ ನೋಡೀದಿಲ್ಲ? ಗಾಲಿ ಒಂದೀಟು ಕೆಳಗ ಇಳಸಿದ್ರ ಹಗ್ಗ ಸಡ್ಲ ಬೀಳ್ತದೋ ಇಲ್ಲೋ? ಹೆಡ್ ಕೊರದ್ರು ಅಂದ್ರ ಮ್ಯಾಲಿನ ಗಾಲಿ ಕೆಳಗ ಇಳೀತು. ಚೈನು ಸಡ್ಲಾತು. ಆ ಸಡ್ಲ ಜಗ್ಗಿದ್ರ ಕ್ಯಾಮ್ ಹಿಂದ ಬೀಳ್ತದ. ವಾಲ್ವು ತಡಾ ಮಾಡಿ ತೆರಿತಾವ. ಗಾಡಿ ಉಸುರು ಹಿಡದಂಗ ಆಗ್ತದ.”

“ಮತ್ತ ಒಂದು ಹಲ್ಲು ಮುಂದ ಹಾಕು.”

“ಹಾಕಿದ್ರ ಭಾಳ ಮುಂದ ಹೋತು. ನಮಗ ಬೇಕಾದ್ದು ಕಾಲು ಹಲ್ಲು. ಕಾಲು ಹಲ್ಲು ಯಾವ ಅಂಗಡ್ಯಾಗ ಸಿಗ್ತದ ಹೇಳು, ಹೋಗಿ ತಗೊಂಬಾ.”

ಅಂಗಡಿಯಲ್ಲಿ ಸಿಗದ ಆ ಕಾಲು ಹಲ್ಲನ್ನು ಅವನು ದುಂಡನೆಯ ಅರದಿಂದ ಹುಟ್ಟಿಸುತ್ತಿದ್ದ. ಹಲ್ಲುಚಕ್ರದ ತೂತುಗಳನ್ನು ಒಂದು ಕಡೆಗೆ ಉಜ್ಜಿ ಉಜ್ಜಿ ಉದ್ದ ಮಾಡಿದರೆ, ಚೈನಿನ ಮೇಲೆ ಚಕ್ರ ಇದ್ದಲ್ಲೇ ಇರುತ್ತದೆ, ಕ್ಯಾಮನ್ನು ಮಾತ್ರ ಸ್ವಲ್ಪ ಮುಂದೆ ತಿರುಗಿಸಬಹುದು. ಗೆರೆ ಅಂಚಿಗೆ ಬಂದಾಗ ನಾನು “ಕೂಡ್ತು” ಎನ್ನಬೇಕು, ಅವನು ಬೋಲ್ಟು ಬಿಗಿಯಬೇಕು. ಅಪಾಯ ಇರುವುದು ಆ ಬಿಗಿಯುವ ಗಳಿಗೆಯಲ್ಲಿ. ತೂತು ಉದ್ದ ಇರುವುದರಿಂದ ಪಾನಾದ ಒತ್ತಿಗೆ ಕ್ಯಾಮ್ ಜಾರಿ ಮತ್ತೆ ಹಿಂದಕ್ಕೆ ಹೋಗಬಹುದು. ಅದಕ್ಕೇ ಅಣ್ಣ ಎರಡು ಸಲ ಕೇಳುತ್ತಿದ್ದ: ಬಿಗಿಯುವ ಮುಂಚೆ ಒಮ್ಮೆ, ಬಿಗಿದ ಮೇಲೆ ಒಮ್ಮೆ. ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನಾನು ತಪ್ಪಿದ್ದು ಆ ಎರಡನೆಯ ಪ್ರಶ್ನೆಯಲ್ಲಿ.

ಅವತ್ತು ಹುಣ್ಣಿಮೆ. ಓಣಿಯ ಹೆಂಗಸರೆಲ್ಲ ಸೇರಿ ನೀರಮಾನ್ವಿಯ ಎಲ್ಲಮ್ಮನಿಗೆ ಟೆಂಪೋ ಮಾಡಿದ್ದರು. ನಾನು ಹಸಿರು ಬಳೆ ತೊಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿ, ಒಂದು ಕಾಲು ಶೆಡ್ಡಿನ ಹೊರಗೇ ಇಟ್ಟುಕೊಂಡಿದ್ದೆ. ಕಲ್ಲೂರಿನಿಂದ ಹಾಲು ತರುವ ಬಸಣ್ಣನ ಗಾಡಿ ಬಿಚ್ಚಿ ಕೂತಿತ್ತು. ಎರಡನೇ ಸಲ ಕೊರೆಸಿದ ಹೆಡ್ಡು ಅದು, ಆದ್ದರಿಂದ ಗೆರೆ ಬಹಳ ಕೆಳಗಿತ್ತು. ಅಣ್ಣ ಬೆಳಗಿನಿಂದ ಉಜ್ಜಿದ್ದ.

“ಗೆರಿ ಕೂಡ್ತೇನು?”

“ಕೂಡ್ತು.” ನಿಜವಾಗಿಯೂ ಕೂಡಿತ್ತು.

ಅವನು ಬಿಗಿದ. ನಾನು ನೋಡುತ್ತಿದ್ದ ಹಾಗೆಯೇ ಗೆರೆ ಮೆಲ್ಲಗೆ ಕೆಳಗೆ ಜಾರಿತು. ಅಕ್ಕಿಕಾಳಿನಷ್ಟು. ಅಷ್ಟರಲ್ಲಿ ರಸ್ತೆಯಲ್ಲಿ ಟೆಂಪೋ ಹಾರ್ನ್ ಹೊಡೆಯಿತು.

“ಏ ಹುಲಿಗೆಮ್ಮಾ, ಬರ್ತೀಯೋ, ಎಲ್ಲಮ್ಮನ್ನ ಇಲ್ಲಿಗೇ ಕರಕೊಂಬರೋಣೇನು?” ಎಂದು ಗೆಳತಿಯರು ಕೂಗಿದರು.

“ಈಗ?” ಎಂದು ಅಣ್ಣ ಕೆಳಗಿನಿಂದ ಕೇಳಿದ.

ಇಲ್ಲ ಎಂದರೆ ಬೋಲ್ಟು ಸಡಿಲಿಸಬೇಕು, ಮತ್ತೆ ತಿರುಗಿಸಬೇಕು, ಮತ್ತೆ ಬಿಗಿಯಬೇಕು. ಟೆಂಪೋ ಹೋಗುತ್ತದೆ.

“ಕೂಡೇದ,” ಎಂದೆ.

ಅಣ್ಣ ಎದ್ದು ಬಂದು ಮಂಜುಗಣ್ಣನ್ನು ಅಂಗೈಯಿಂದ ಮುಚ್ಚಿ, ಮುಖ ಹತ್ತಿರ ತಂದು ತಾನೂ ನೋಡಿದ. “ಹೌದು, ಕೂಡೇದ,” ಎಂದ. ನಾನು ಕೈ ಕೂಡ ತೊಳೆಯದೆ ಓಡಿದೆ.

ನೀರಮಾನ್ವಿಯಲ್ಲಿ ನನಗೆ ಗೆರೆಯ ನೆನಪು ಬಂತೇ ಎಂದು ನೀವು ಕೇಳಬಹುದು. ಬರಲಿಲ್ಲ. ಕರಿಗಡುಬು ತಿಂದೆ, ಹಾಡು ಹಾಡಿದೆ, ಟೆಂಪೋದಲ್ಲಿ ಗೆಳತಿಯ ಹೆಗಲ ಮೇಲೆ ನಿದ್ದೆ ಮಾಡಿಕೊಂಡು ಬಂದೆ. ಎಲ್ಲಮ್ಮನ ಎದುರು ಕೈಮುಗಿದು ನಿಂತಾಗಲೂ ಮನಸ್ಸು ಚುಚ್ಚಲಿಲ್ಲ. ಈಗ ಅದೇ ಹೆಚ್ಚು ಚುಚ್ಚುತ್ತದೆ.

ಬಸಣ್ಣ ಹಾಲಿನ ಕ್ಯಾನುಗಳ ಸಮೇತ ಶೆಡ್ಡಿನ ಮುಂದೆ ಬಂದು ನಿಂತದ್ದು ಆ ವಾರದಲ್ಲೇ. ಗಾಡಿ ಎಳೆಯುವುದಿಲ್ಲ, ಮುಟ್ಟಿದರೆ ಕೈ ಸುಡುವಷ್ಟು ಕಾಯುತ್ತದೆ, ದಾರಿಯಲ್ಲಿ ನಿಂತು ನಿಂತು ಹಾಲು ಒಡೆದುಹೋಗಿದೆ.

“ಏನ್ ಮಿಸ್ತ್ರಿ, ಎಮ್ಮಿ ಮ್ಯಾಲೆ ಕುಂತು ಬಂದಿದ್ರೂ ಇದಕಿಂತ ಜಲ್ದಿ ಬರ್ತಿದ್ದೆ!”

ಅಣ್ಣ ಅವನ ಎದುರೇ ಮುಚ್ಚಳ ಬಿಚ್ಚಿದ, ಕ್ರ್ಯಾಂಕನ್ನು ಗುರುತಿಗೆ ತಂದ, ನನ್ನನ್ನು ಕೇಳಿದ. ನಾನು ಈ ಸಲ ಇದ್ದದ್ದನ್ನೇ ಹೇಳಿದೆ. “ಕೆಳಗ ಅದ ಅಣ್ಣ.”

ಅಣ್ಣ ಎದ್ದು ಬಂದು ಗೆರೆಯ ಮೇಲೆ ಬಾಗಿದ. “ಅವತ್ತ ನಾನೂ ನೋಡಿದ್ದೆನಲ್ಲ,” ಎಂದ. “ಕೂಡಿತ್ತು.”

“ಒಂದು ಕಣ್ಣಾಗ ಕೂಡಿತ್ತೇನೋ,” ಎಂದ ಬಸಣ್ಣ. “ಇನ್ನೊಂದರಾಗ ನೋಡಿ ಕೊಡಬೇಕಿತ್ತು.”

ಸುತ್ತ ನಿಂತ ನಾಲ್ಕು ಜನ ನಕ್ಕರು. ಅಣ್ಣನೂ ನಕ್ಕ. ನಕ್ಕು, ನನ್ನ ಕಡೆ ಕೈಮಾಡಿ, “ಹುಡಿಗಿ ಸರಿ ಹೇಳ್ಯಾಳ ಬಸಣ್ಣ. ಬಿಗಿ ಮಾಡಿದ ಮ್ಯಾಗ ಜಾರ್ಯದ. ಕಡೀಕ ನೋಡಿದಾಂವ ನಾನು. ನನ್ನ ಕಣ್ಣಿಂದ ತಪ್ಪು,” ಎಂದ.

ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಚೈನನ್ನು ಎತ್ತಿ ಹಿಡಿದುಕೊಂಡು ನಿಂತಿದ್ದೆ. ಕೈಗೆ ಕೆಲಸ ಇದೆ ಎಂಬುದೇ ನೆಪವಾಯಿತು. ಮತ್ತೆ ಜಾರಬಾರದೆಂದು ಅಣ್ಣ ಹೊಸ ಚಕ್ರ ತರಿಸಿ, ಹೊಸದಾಗಿ ಉಜ್ಜಿ, ಗಾಡಿ ಸರಿಮಾಡಿಕೊಟ್ಟ. ಹಳೆಯ ಚಕ್ರವನ್ನು ಗುಜರಿ ಡಬ್ಬಿಗೆ ಒಗೆದ. ಆಮೇಲೆ ಯಾರಾದರೂ ಕೊರೆಸಿದ ಹೆಡ್ಡು ತಂದರೆ “ಬ್ಯಾರೆ ಕಡೆ ನೋಡ್ರಿ” ಎನ್ನತೊಡಗಿದ. ಆಮೇಲೆ ಎಂಜಿನ್ನು ಬಿಚ್ಚುವುದನ್ನೇ ನಿಲ್ಲಿಸಿದ. ನಾನು ಪಕ್ಕದಲ್ಲಿದ್ದೇ ಇದ್ದೆ; ಆದರೆ ಅವನಿಗೆ ನನ್ನ ಕಣ್ಣಿನ ಮೇಲಲ್ಲ, ತನ್ನ ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು.

ನನ್ನನ್ನು ನೋಡಲು ರಾಯಚೂರಿನ ಗಂಡಿನವರು ಬಂದಾಗ ಅವ್ವ ನನ್ನ ಉಗುರುಗಳನ್ನು ಬೂದಿ, ನಿಂಬೆಹಣ್ಣು, ಸೋಡಾ ಎಲ್ಲ ಹಾಕಿ ತಿಕ್ಕಿದಳು. ಕಪ್ಪು ಹೋಗಲಿಲ್ಲ. “ಇದೇನವ್ವ ಕೈ?” ಎಂದು ಗಂಡಿನ ಸೋದರತ್ತೆ ಹುಬ್ಬು ಗಂಟಿಕ್ಕಿದಾಗ ಅಣ್ಣ ಥಟ್ಟನೆ, “ಮದರಂಗಿ ರೀ, ಸ್ವಲ್ಪ ಜಾಸ್ತಿ ಹತ್ತ್ಯದ,” ಎಂದುಬಿಟ್ಟ. ಮದುವೆ ಆಗಿಹೋಯಿತು. ಹೊರಡುವ ದಿನ ಗುಜರಿ ಡಬ್ಬಿಯಿಂದ ಆ ಹಲ್ಲುಚಕ್ರವನ್ನು ತೆಗೆದು ಸೀರೆಯ ಮಡಿಕೆಯಲ್ಲಿಟ್ಟುಕೊಂಡೆ. ಯಾಕೆ ಎಂದು ಕೇಳಿದರೆ ಈಗಲೂ ನೇರವಾದ ಉತ್ತರ ಇಲ್ಲ. ನನ್ನ ಯಜಮಾನರು ಗಂಜಿನಲ್ಲಿ ಹಮಾಲರು, ಮಾತು ಕಡಿಮೆ. ಅದನ್ನು ನೋಡಿ ಒಂದೇ ಮಾತು ಅಂದರು: “ಮಂದಿ ತವರುಮನಿಯಿಂದ ಬಂಗಾರ ತರ್ತಾರ, ನೀ ಗುಜರಿ ತಂದಿ.”

ನಾನು ಬಂದ ಮೇಲೆ ಅಣ್ಣ ಶೆಡ್ಡು ಮುಚ್ಚಿ ದೇವದುರ್ಗಕ್ಕೆ, ಹೆಂಡತಿಯ ಊರಿಗೆ, ಹೋದ. ಅಲ್ಲಿ ಗಾಡಿ ತೊಳೆಯುವ ಅಂಗಡಿ ಇಟ್ಟ. ಎಂಜಿನ್ನಿನ ಉಸಿರು ಕೇಳಿ ಅದರ ಒಳಗಿನದೆಲ್ಲ ಹೇಳುತ್ತಿದ್ದವನು ಈಗ ಪೈಪು ಹಿಡಿದು ಅದರ ಮೈಮೇಲಿನ ಕೆಸರು ತೊಳೆಯುತ್ತಾನೆ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಯಾರಾದರೂ “ಯಾಕ ಅಮರೇಶಣ್ಣ, ಗ್ಯಾರೇಜ್ ಬಿಟ್ಟಿ?” ಎಂದರೆ ಅವನ ಉತ್ತರ ತಯಾರಿರುತ್ತದೆ: “ನನ್ನ ಕಣ್ಣು ಒಂದಿನ ಹೇಳದ ಕೇಳದ ರಾಜೀನಾಮಿ ಕೊಟ್ಟು ಹೋತು ನೋಡ್ರಿ.” ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಟೆಂಪೋ ಹತ್ತುವಾಗ ಹೇಳಿದ ಸುಳ್ಳು ಒಂದೇ ಒಂದು. ಈ ನಗುವಿನಲ್ಲಿ ಹೇಳಿದ ಸುಳ್ಳಿಗೆ ಲೆಕ್ಕ ಇಲ್ಲ.

ಅವನು ನಮ್ಮ ಮನೆಗೆ ಬಂದಾಗಲೆಲ್ಲ ಹಲ್ಲುಚಕ್ರ ಜೋಳದ ಹಿಟ್ಟಿನ ಡಬ್ಬಿಯ ತಳಕ್ಕೆ ಹೋಗುತ್ತಿತ್ತು. ಚಹಾದ ಪಾತ್ರೆಯನ್ನು ಬರೀ ಕಲ್ಲಿನ ಮೇಲಿಟ್ಟು, ಅವನಿಗೆ ಬಗ್ಗಿಸಿ ಕೊಡುತ್ತಿದ್ದೆ. “ಉಂಡ್ರಿ?” ಎನ್ನುತ್ತಿದ್ದ. “ಉಂಡ್ವಿ” ಎನ್ನುತ್ತಿದ್ದೆ. ಫೋನಿನಲ್ಲೂ ಅಷ್ಟೇ. ಎದುರಿಗೆ ಕೂತಿದ್ದರೂ ಅವನು ನನಗೆ ಸಿಗುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಇನ್ನೊಂದು ಪ್ರಶ್ನೆ. ಕೆಳಗಿನಿಂದ, ಎಂಜಿನ್ನಿನ ಮಗ್ಗುಲಿನಿಂದ, ಮುಖ ಕಾಣದೆ ಬರುತ್ತಿದ್ದ ಪ್ರಶ್ನೆ. ಅದರ ಜೊತೆಗೆ ಬರುತ್ತಿದ್ದ ಚಿಮಣಿ ಎಣ್ಣೆಯ ವಾಸನೆ. ಬಿಚ್ಚಿದ ಭಾಗಗಳನ್ನೆಲ್ಲ ನಾವು ತೊಳೆಯುತ್ತಿದ್ದದ್ದು ಚಿಮಣಿ ಎಣ್ಣೆಯಲ್ಲಿ, ದೀಪಕ್ಕೆ ಹಾಕುವ ಸೀಮೆಎಣ್ಣೆಯಲ್ಲಿ. ಈಗ ಅದು ರೇಷನ್ನಿನಲ್ಲೂ ಬರುವುದಿಲ್ಲ, ಯಾರ ಮನೆಯಲ್ಲೂ ಇಲ್ಲ. ಒಮ್ಮೆ ರಾಯಚೂರಿನ ಸಂತೆಯಲ್ಲಿ ಯಾರದೋ ಅಂಗಿಯಿಂದ ಆ ವಾಸನೆ ಬಂದಂತಾಗಿ, ಬದನೆಕಾಯಿ ಬಿಟ್ಟು ಆ ಮನುಷ್ಯನ ಹಿಂದೆ ನಾಲ್ಕು ಅಂಗಡಿ ನಡೆದಿದ್ದೇನೆ. ಅವನು ತಿರುಗಿ ನೋಡಿದಾಗ ಈರುಳ್ಳಿಯ ಬೆಲೆ ಕೇಳಿ ಪಾರಾದೆ.

ಈ ವರ್ಷ ಭಾಗ್ಯಳ ಸ್ಕೂಟಿ ಕಾದು ನಿಂತಿತು. ಇಲ್ಲಿಯ ಮೆಕ್ಯಾನಿಕ್ ಹೆಡ್ಡು ಫೇಸಿಂಗ್ ಮಾಡಿಸಿ ಕೂರಿಸಿಕೊಟ್ಟ. ಗಾಡಿ ಚಾಲೂ ಆಗುತ್ತದೆ, ಆದರೆ ಏರು ಬಂದರೆ ಅಳುತ್ತದೆ. ಭಾಗ್ಯ ಅಂಗಳದಲ್ಲಿ ಅದನ್ನು ಚಾಲೂ ಮಾಡಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು. ಬಸಣ್ಣನ ಗಾಡಿಯ ಅದೇ ದಮ್ಮು ಕಟ್ಟಿದ ಸದ್ದು.

“ಕ್ಯಾಮ್ ಹಿಂದ ಬಿದ್ದದ,” ಎಂದೆ.

“ನಿನಗ ಹ್ಯಾಂಗ ಗೊತ್ತಬೇ?”

“ನಿಮ್ಮ ಮಾಮಾಗ ತೋರಸೋಣ.”

ದೇವದುರ್ಗಕ್ಕೆ ಖಾಲಿ ಹೊರಟಿದ್ದ ಒಂದು ಗೂಡ್ಸ್ ಆಟೋದಲ್ಲಿ ಸ್ಕೂಟಿಯನ್ನು ಹೇರಿ, ಪಕ್ಕದಲ್ಲಿ ನಾವಿಬ್ಬರೂ ಕೂತು ಹೋದೆವು. ದಾರಿಯಲ್ಲಿ ಶೆಡ್ಡಿನಲ್ಲಿ ಗೆರೆ ನೋಡುತ್ತಿದ್ದ ಕಥೆಯನ್ನು ಅವಳಿಗೆ ಹೇಳಿದೆ, ಸುಳ್ಳಿನದನ್ನು ಬಿಟ್ಟು. ಅಣ್ಣ ಒಂದು ಬೈಕಿಗೆ ಸೋಪಿನ ನೊರೆ ಹಚ್ಚುತ್ತಿದ್ದ. ವಿಷಯ ಕೇಳಿ ತಲೆ ಅಲ್ಲಾಡಿಸಿದ.

“ನಾ ನೀರು ಹೊಡಿಯಾಂವ. ತೊಳದು ಕೊಡು ಅಂದ್ರ ಕೊಡ್ತೀನಿ. ಬಿಚ್ಚಂಗಿಲ್ಲ.”

“ನೀ ಬಿಚ್ಚಲಿಲ್ಲಂದ್ರ ನಾನ ಬಿಚ್ಚತೀನಿ ಮಾಮಾ,” ಎಂದಳು ಭಾಗ್ಯ. “ಯಾವ ನಟ್ಟು ಎಲ್ಲಿದಂತ ಬ್ಯಾಸರಾಗಲಾರದ ಹೇಳಿಕೋಂತ ಕುಂದ್ರು. ಗೆರಿ ಅವ್ವ ನೋಡ್ತಾಳ.”

ಅಣ್ಣ ಪೈಪು ಕೆಳಗಿಟ್ಟ. “ಅಕಿ ನೋಡ್ತಾಳ ಅಂದ್ರ ಆತು ಬಿಡು. ಅಕಿ ಕಣ್ಣು ಬಂಗಾರದ ತಕ್ಕಡಿ ಇದ್ದಂಗ,” ಎಂದ.

ನನಗೆ ನೆಲ ಬಿರಿದರೆ ಚೆನ್ನಾಗಿತ್ತು ಅನಿಸಿತು.

ಅವನು ಒಳಗಿನಿಂದ ಒಂದು ತಗಡಿನ ಪೆಟ್ಟಿಗೆ ತಂದ. ಪಾನಾಗಳಿಗೆಲ್ಲ ತುಕ್ಕು ಹಿಡಿದಿತ್ತು. ದುಂಡನೆಯ ಅರ ಮಾತ್ರ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಹೊಸದರ ಹಾಗಿತ್ತು. ಆ ಬಟ್ಟೆಯ ಹೂವಿನ ಅಂಚು ನನಗೆ ಗುರುತು ಸಿಕ್ಕಿತು. ಚೈನಿಗೆ ಬಿಟ್ಟುಕೊಟ್ಟ ನನ್ನ ಸೀರೆಯ ತುಂಡು.

ಹಿಂದಿನಂತೆಯೇ ಕೂತೆವು. ಅಣ್ಣ ಕೆಳಗೆ, ನಾನು ಮೇಲೆ. ವಯಸ್ಸು ಬೆನ್ನಿಗೆ ನೆನಪಾಯಿತು, ಬೆರಳಿಗೆ ಆಗಲಿಲ್ಲ. ಅಣ್ಣ ತೂತು ಉಜ್ಜಿದ, ಊದಿದ, ಹೆಬ್ಬೆರಳಲ್ಲಿ ಸವರಿ ನೋಡಿದ, ಮತ್ತೆ ಉಜ್ಜಿದ. ಚಕ್ರ ಕೂರಿಸಿ, ಕ್ಯಾಮನ್ನು ತಿರುಗಿಸಿದ.

“ಹುಲ್ಗೀ, ಗೆರಿ ಕೂಡ್ತೇನು?”

ಎಷ್ಟು ವರ್ಷ ಕಾದಿದ್ದೆನೋ ಆ ಮಾತಿಗೆ. ಗೆರೆಯನ್ನು ಎರಡು ಸಲ ನೋಡಿ “ಕೂಡ್ತು” ಎಂದೆ.

ಅವನು ಬಿಗಿದ. ಗೆರೆ ಜಾರಿತು. ಅದೇ ಅಕ್ಕಿಕಾಳಿನಷ್ಟು.

“ಈಗ?”

“ಇಲ್ಲಣ್ಣ. ಜಾರ್ತು.”

ಅಣ್ಣ ಕೆಳಗಿನಿಂದ ನಕ್ಕ. “ನೋಡಿದೇನು ಭಾಗ್ಯಾ, ಹಿಂಗ ಜಾರಿತ್ತು ಅವತ್ತ ಆ ಹಾಲಿನವನ ಗಾಡೀದು. ನನ್ನ ಕಣ್ಣಿಗಿ ಕಾಣಲೇ ಇಲ್ಲ. ಅವತ್ತ ರಾಜೀನಾಮಿ ಕೊಡ್ತು ನೋಡು.”

ಭಾಗ್ಯ ನಕ್ಕಳು. ನಾನೂ ನಗಬೇಕಾದ ಜಾಗ ಅದು.

“ನನ್ನ ಕಣ್ಣಿಗಿ ಕಂಡಿತ್ತಣ್ಣ,” ಎಂದೆ.

ಪಾನಾ ನಿಂತಿತು. “ಏನಂದಿ?”

“ಜಾರಿದ್ದು ಕಂಡಿತ್ತು. ಟೆಂಪೋ ಹಾರ್ನ್ ಹೊಡ್ಯಾಕತ್ತಿತ್ತು. ಕೂಡೇದ ಅಂತ ಸುಳ್ಳ ಹೇಳಿದೆ.”

ಅವನು ಎದ್ದು ನಿಂತ. ಮುಖದಲ್ಲಿ ಸಿಟ್ಟಿರಲಿಲ್ಲ, ಕೂಡದ ಲೆಕ್ಕವನ್ನು ಮತ್ತೆ ಕೂಡಿಸುವವನ ಹಾಗಿದ್ದ. “ಮತ್ತ ನಾನೂ ನೋಡಿದೆನಲ್ಲ. ನನಗ್ಯಾಕ ಕೂಡಿದಂಗ ಕಾಣ್ತು?”

“ನಾ ಅಂದಿದ್ದೆನಲ್ಲಣ್ಣ. ಅದಕ್ಕ.”

ಅವನು ಪಾನಾ ಕೆಳಗಿಟ್ಟ. ಹೋಗಿ ಪೈಪು ಹಿಡಿದು ಆ ಬೈಕನ್ನು ತೊಳೆಯತೊಡಗಿದ. ನೊರೆ ಹೋಯಿತು, ಕೆಸರು ಹೋಯಿತು, ಆದರೂ ನಿಲ್ಲಿಸಲಿಲ್ಲ. ಬೈಕಿನವನು ಹಲ್ಲುಜ್ಜುವ ಕಡ್ಡಿ ಬಾಯಿಂದ ತೆಗೆದು, “ಯಪ್ಪಾ, ಬಣ್ಣ ಹೋದೀತು, ಸಾಕು ಬಿಡ್ರಿ,” ಎಂದ. ಅಣ್ಣನಿಗೆ ಕೇಳಿಸಲಿಲ್ಲ. ಭಾಗ್ಯ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡುತ್ತ ನಿಂತಳು. ನಾನು ಚೈನನ್ನು ಎತ್ತಿ ಹಿಡಿದುಕೊಂಡೇ ಇದ್ದೆ. ಬಿಟ್ಟರೆ ಒಳಗೆ ಬೀಳುತ್ತದೆ.

ಕೊನೆಗೆ ಅವನು ಕೈ ಒರೆಸಿಕೊಂಡು ಬಂದ. ನನ್ನ ಬೆರಳುಗಳಿಂದ ಚೈನನ್ನು ಬಿಡಿಸಿಕೊಂಡು ಭಾಗ್ಯಳ ಕೈಗೆ ಕೊಟ್ಟ.

“ನೀ ನೋಡವ್ವ ಗೆರಿ,” ಎಂದ. ನನ್ನ ಕಡೆ ತಿರುಗದೆ, “ನೀ ಹೋಟೆಲ್ಲಿಗಿ ಹೋಗಿ ಚಹಾ ತಗೊಂಬಾ,” ಎಂದ.

ನಾನು ಹೋದೆ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲ್ಲಿನಲ್ಲಿ ಚಹಾ ಕಟ್ಟಿಸಿಕೊಳ್ಳುತ್ತಿರುವಾಗ ಅಷ್ಟು ದೂರದಿಂದ ಸ್ಕೂಟಿ ಚಾಲೂ ಆದ ಸದ್ದು ಕೇಳಿಸಿತು. ತುಂಬಿದ, ನಿರಾಳವಾದ ಸದ್ದು. ಅದು ಅಣ್ಣನ ಕೈಯ ಸದ್ದು. ಚಹಾ ಒಯ್ದು ಕೊಟ್ಟಾಗ ಅವನು ಕುಡಿದ, ಲೋಟ ಕೆಳಗಿಟ್ಟ, ಭಾಗ್ಯಳಿಗೆ “ಸಾವಕಾಶ ಹೋಗವ್ವ” ಎಂದ. ನನ್ನನ್ನು ಉಂಡ್ರಿ ಎಂದು ಕೂಡ ಕೇಳಲಿಲ್ಲ.

ಆಮೇಲಿನ ಸುದ್ದಿಯೆಲ್ಲ ಭಾಗ್ಯಳ ಬಾಯಿಂದ ಬಂದದ್ದು. ಅಣ್ಣ ತುಕ್ಕು ಹಿಡಿದ ಪಾನಾಗಳನ್ನೆಲ್ಲ ತಿಕ್ಕಿ ಸಾಲಾಗಿ ನೇತುಹಾಕಿದ್ದಾನೆ. ತೊಳೆಯುವ ಅಂಗಡಿಯ ಪಕ್ಕದಲ್ಲಿ ತಗಡು ಇಳಿಸಿ ಎಂಜಿನ್ನು ಬಿಚ್ಚಲು ಜಾಗ ಮಾಡಿದ್ದಾನೆ. ಕೊರೆಸಿದ ಹೆಡ್ಡುಗಳು ಬರುತ್ತಿವೆ. ಭಾಗ್ಯ ರಜೆಯ ದಿನ ಬಸ್ಸು ಹತ್ತಿ ಹೋಗಿ ಗೆರೆ ನೋಡಿ ಬರುತ್ತಾಳೆ. ಅವಳ ಉಗುರೂ ಕಪ್ಪಾಗಿದೆ. ಅವಳು ಹೋಗದ ದಿನ ಅಣ್ಣ ತಾನೇ ಮಂಜುಗಣ್ಣು ಮುಚ್ಚಿ ನೋಡುತ್ತಾನಂತೆ, ಬಿಗಿದ ಮೇಲೆ ಅಂಚನ್ನು ಉಗುರಿನಿಂದ ಸವರಿ ನೋಡುತ್ತಾನಂತೆ. ತಪ್ಪುವುದಿಲ್ಲವಂತೆ. ಅವನ ಕಣ್ಣು ಅವನಿಗೆ ವಾಪಸ್ಸು ಬಂತು. ನನಗೆ ಬರುತ್ತಿದ್ದ ಫೋನು ನಿಂತಿತು.

ಸಂತೋಷ ಪಡಬೇಕೆಂದು ಗೊತ್ತು, ಪಡುತ್ತೇನೆ ಕೂಡ. ಆದರೆ ರಜೆಯ ದಿನ ಭಾಗ್ಯ ಹೊರಟು ನಿಂತಾಗ ನನ್ನ ಬೆರಳುಗಳು ತಾವಾಗಿಯೇ ಚೈನು ಎತ್ತಿ ಹಿಡಿದ ಹಾಗೆ ಮಡಚಿಕೊಳ್ಳುತ್ತವೆ.

ಹೋದ ತಿಂಗಳು ಹಲ್ಲುಚಕ್ರವನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಅವಳ ಕೈಯಲ್ಲಿ ಕೊಟ್ಟು ಕಳಿಸಿದೆ. ಅದು ಅಣ್ಣನದು, ಅವನಿಗೇ ಸೇರಬೇಕು. ಎಲ್ಲಿತ್ತು, ಯಾತಕ್ಕೆ ಬಳಸುತ್ತಿದ್ದೆ, ಎಲ್ಲವನ್ನೂ ಹೇಳು ಎಂದೆ. ಅವತ್ತು ಚಹಾ ಮಾಡಿ ಪಾತ್ರೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದೆ.

ಸಂಜೆ ಭಾಗ್ಯ ಬಂದವಳೇ ಚೀಲದಿಂದ ಆ ಬಟ್ಟೆಗಂಟನ್ನು ತೆಗೆದು ಕಟ್ಟೆಯ ಮೇಲಿಟ್ಟಳು.

“ತಗೊಳ್ಳಲಿಲ್ಲೇನು?” ಎಂದೆ.

“ತಗೊಂಡ. ಭಾಳ ಹೊತ್ತು ತಿರುವಿ ತಿರುವಿ ನೋಡಿದ. ಹಲ್ಲಿನ ಸಂದ್ಯಾಗ ಜ್ವಾಳದ ಹಿಟ್ಟು ಹ್ಯಾಂಗ ಬಂತಂತ ಕೇಳಿದ. ಡಬ್ಬ್ಯಾಗ ಬಚ್ಚಿಡತಿದ್ಲು ಮಾಮಾ ಅಂದೆ. ಆಮ್ಯಾಲೆ ಕುಂತು ತೊಳದ.”

“ಏನಾರ ಅಂದನೇನು?”

“‘ಅಕಿ ಚಹಾದ ಪಾತ್ರಿ ಯಾತರ ಮ್ಯಾಲೆ ಇಡ್ತಾಳ ಮತ್ತ? ಒಯ್ದು ಕೊಡು’ ಅಂದ.”

ಗಂಟು ಬಿಚ್ಚಿದೆ. ಹಲ್ಲು ಹಲ್ಲೂ ಹೊಳೆಯುತ್ತಿತ್ತು. ನಾನು ಒಲೆ ಹೊತ್ತಿಸಿ, ಚಹಾ ಕುದಿಸಿ, ಪಾತ್ರೆಯನ್ನು ಅದರ ಮೇಲಿಟ್ಟೆ. ಬಿಸಿ ತಾಗುತ್ತಿದ್ದಂತೆ ಚಕ್ರದಿಂದ ಚಿಮಣಿ ಎಣ್ಣೆಯ ವಾಸನೆ ಎದ್ದು ಅಡುಗೆಮನೆಯೆಲ್ಲ ತುಂಬಿತು. ಈ ಕಾಲದಲ್ಲಿ ಅದನ್ನು ಎಲ್ಲಿಂದ ಹುಡುಕಿ ತಂದನೋ.

“ಥೂ, ಚಹಾ ಕುಡಿಯಂಗಿಲ್ಲ ಬಿಡು ಇವತ್ತ,” ಎಂದು ಭಾಗ್ಯ ಕಿಟಕಿ ತೆರೆಯಲು ಹೋದಳು.

“ತೆರಿಬ್ಯಾಡ,” ಎಂದೆ, ನನ್ನ ಲೋಟಕ್ಕೆ ಚಹಾ ಬಗ್ಗಿಸಿಕೊಳ್ಳುತ್ತ.